ಶ್ವಾಸಕೋಶದ ಶಸ್ತ್ರಕ್ರಿಯೆ ಮತ್ತು ಸ್ಟೀರಾಯ್ಡ್: ಭಯವೆಷ್ಟು, ಪ್ರಯೋಜನವೆಷ್ಟು?

ಕ್ಯಾನ್ಸರ್ ಎಂಬ ಶಬ್ದವನ್ನು ಕೇಳಿದೊಡನೆ ಎದೆಗುಂದದ ಕುಟುಂಬವಿಲ್ಲ. ಆ ರೋಗಕ್ಕೆ ಕೊಡಲಾಗುವ ಔಷಧಗಳ ಪಟ್ಟಿಯಲ್ಲಿ ಸ್ಟೀರಾಯ್ಡ್ ಎಂಬ ಇನ್ನೊಂದು ಶಬ್ದವೂ ಕಂಡುಬಂದರೆ, ಇದ್ದ ಅಲ್ಪಸ್ವಲ್ಪ ಧೈರ್ಯವೂ ಉಡುಗಿಹೋಗುವುದುಂಟು. ಆದರೆ ಭಯವು ಅಜ್ಞಾನದಿಂದ ಹುಟ್ಟಿದ್ದೋ, ವಿವೇಕದಿಂದ ಹುಟ್ಟಿದ್ದೋ ಎಂಬುದನ್ನು ವಿಚಾರಿಸಿ ನೋಡುವುದು ಒಳ್ಳೆಯದು. ಶ್ವಾಸಕೋಶದ ಅರ್ಬುದಕ್ಕೆ ಶಸ್ತ್ರಕ್ರಿಯೆ ಮಾಡುವಾಗ ಕಾರ್ಟಿಕೋಸ್ಟೀರಾಯ್ಡ್ ಔಷಧವನ್ನು ಏಕೆ ಕೊಡುತ್ತಾರೆ, ಅದರಿಂದ ಚೇತರಿಕೆಗೆ ಆಗುವ ಸಹಾಯವೇನು, ಅದರಲ್ಲಿರುವ ಅಪಾಯವೇನು ಎಂಬುದನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಲೇಖಕನು ವೈದ್ಯನಲ್ಲ, ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವವನು. ಆದುದರಿಂದ ಔಷಧದ ವಿಷಯದಲ್ಲಿಯೂ ಜಮಾ ಎಷ್ಟು, ಖರ್ಚು ಎಷ್ಟು ಎಂದು ನೋಡುವ ಅಭ್ಯಾಸ ಬಂದುಬಿಟ್ಟಿದೆ.

ನಮ್ಮ ಊರುಗಳೂ ನಮ್ಮ ಕೆಮ್ಮೂ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕರಾವಳಿಯಿಂದ ಬಂದು ಹೋಟೆಲಿನ ಒಲೆಯ ಮುಂದೆ ಬಾಳು ಸವೆಸಿದವರಿದ್ದಾರೆ; ಉತ್ತರ ಕರ್ನಾಟಕದಿಂದ ಬಂದು ಗಿರಣಿ, ಕಾರಖಾನೆಗಳಲ್ಲಿ ದುಡಿದವರಿದ್ದಾರೆ; ಕಚೇರಿಗಳಿಗಾಗಿ ಮೂವತ್ತು ನಲವತ್ತು ವರ್ಷ ಲೋಕಲ್ ಗಾಡಿಯಲ್ಲಿ ನೇತಾಡಿದವರಿದ್ದಾರೆ. ಬೀಡಿ ಸಿಗರೇಟುಗಳ ಚಟ ಹಲವರಿಗಿತ್ತು, ಕೆಲವರಿಗೆ ಇಂದಿಗೂ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ ಅತ್ಯಂತ ಮಲಿನವಾದ 43 ಕೈಗಾರಿಕಾ ಪ್ರದೇಶಗಳನ್ನು ಹೆಸರಿಸಿದಾಗ ಅವುಗಳಲ್ಲಿ ಡೊಂಬಿವಲಿಯೂ ಇತ್ತು, ನವಿ ಮುಂಬಯಿಯೂ ಇತ್ತು. ಹೊರಗಿನ ಗಾಳಿಯ ಮಾಲಿನ್ಯವು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2013ರಲ್ಲಿ ಸಾರಿತು. ಹೀಗಾಗಿ ಧೂಮಪಾನ ಮಾಡದವರಿಗೆ, ಹೆಂಗಸರಿಗೆ ಈ ರೋಗ ಬಾರದೆಂಬ ಭರವಸೆಯಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕ್ಷಯರೋಗವು ಇಲ್ಲಿ ಸಾಮಾನ್ಯವಾದುದರಿಂದ ಎಕ್ಸ್‌ರೇಯಲ್ಲಿ ಕಾಣುವ ಕಲೆಯನ್ನು ಕ್ಷಯವೆಂದೇ ಬಗೆದು ತಿಂಗಳುಗಟ್ಟಲೆ ಅದರ ಗುಳಿಗೆಗಳನ್ನು ನುಂಗುವವರಿದ್ದಾರೆ. ಶ್ವಾಸಕೋಶದ ಅರ್ಬುದವು ಇತರೆಡೆಗೆ ಹಬ್ಬುವ ಮೊದಲೇ ಪತ್ತೆಯಾದರೆ ಮಾತ್ರ ಶಸ್ತ್ರಕ್ರಿಯೆಯಿಂದ ಬೇರುಸಹಿತ ತೆಗೆಯುವ ಸಾಧ್ಯತೆ ಹೆಚ್ಚು. ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಬದಲಾದ ಧ್ವನಿ ಇವುಗಳಲ್ಲಿ ಯಾವುದನ್ನೂ ‘ಗಾಡಿಯ ಧೂಳು’ ಎಂದು ತಳ್ಳಿಹಾಕಬಾರದು.

ಚಿಕಿತ್ಸೆಗೆ ನಮ್ಮವರು ಹೆಚ್ಚಾಗಿ ನೆಚ್ಚುವುದು ಪರೇಲದ ಟಾಟಾ ಸ್ಮಾರಕ ಆಸ್ಪತ್ರೆಯನ್ನು. 1941ರ ಫೆಬ್ರವರಿ 28ರಂದು ಅದು ತೆರೆಯಿತು. 1962ರಲ್ಲಿ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂದಿತು. ಅದರ ಸಂಶೋಧನಾ ಶಾಖೆಯು ಈಗ ನವಿ ಮುಂಬಯಿಯ ಖಾರಘರದಲ್ಲಿದೆ. ಅಲ್ಲಿಯೂ ರೋಗಿಗಳ ಚಿಕಿತ್ಸೆ ನಡೆಯುತ್ತದೆ. ಊರಿಗೆ ಮರಳಲು ಬಯಸುವವರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿಶಾಸ್ತ್ರ ಸಂಸ್ಥೆ ಇದೆ.

ಶಸ್ತ್ರಕ್ರಿಯೆಯ ಸಮಯದಲ್ಲಿ ಆಗುವುದೇನು?

ನಮ್ಮ ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳಿವೆ, ಎಡದಲ್ಲಿ ಎರಡು. ರೋಗವಿರುವ ಹಾಲೆಯನ್ನು ಪೂರ್ತಿಯಾಗಿ ತೆಗೆಯುವುದು ಸಾಮಾನ್ಯ ಕ್ರಮ. ಕೆಲವೊಮ್ಮೆ ಒಂದಿಡೀ ಶ್ವಾಸಕೋಶವನ್ನೇ ತೆಗೆಯಬೇಕಾಗುತ್ತದೆ. ಅರ್ಬುದಕ್ಕಾಗಿ ಒಂದಿಡೀ ಶ್ವಾಸಕೋಶವನ್ನು ಒಂದೇ ಬಾರಿಗೆ ತೆಗೆದು ರೋಗಿಯನ್ನು ಉಳಿಸಿದ ಕೀರ್ತಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಎವರ್ಟ್ಸ್ ಗ್ರಹಾಮ್ ಅವರದು. ಅದು 1933ರ ಏಪ್ರಿಲ್ ತಿಂಗಳ ಮಾತು. ಆ ರೋಗಿಯೂ ಒಬ್ಬ ವೈದ್ಯನೇ. ಇದೇ ಗ್ರಹಾಮ್ ಅವರು ಅರ್ನ್ಸ್ಟ್ ವೈಂಡರ್ ಎಂಬ ತರುಣನೊಡನೆ 1950ರಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಪ್ರಕಟಿಸಿದರು. ಬಹುಕಾಲ ಧೂಮಪಾನ ಮಾಡಿದ್ದ ಗ್ರಹಾಮ್ ಅವರು 1957ರಲ್ಲಿ ಅದೇ ರೋಗದಿಂದ ತೀರಿಕೊಂಡರು; ಅವರಿಂದ ಜೀವದಾನ ಪಡೆದ ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದ್ದರು.

ಶಸ್ತ್ರಕ್ರಿಯೆಯ ವೇಳೆ ರೋಗವಿರುವ ಕಡೆಯ ಶ್ವಾಸಕೋಶವನ್ನು ಗಾಳಿ ಹೋಗದಂತೆ ಮಾಡಿ ಕುಗ್ಗಿಸುತ್ತಾರೆ. ಇನ್ನೊಂದು ಶ್ವಾಸಕೋಶವು ಒಂಟಿಯಾಗಿ ಯಂತ್ರದ ಸಹಾಯದಿಂದ ಇಡೀ ದೇಹದ ಉಸಿರಾಟದ ಹೊಣೆ ಹೊರುತ್ತದೆ. ಕೆಲಸ ಮುಗಿದ ಮೇಲೆ ಕುಗ್ಗಿದ ಭಾಗವನ್ನು ಮತ್ತೆ ಉಬ್ಬಿಸುತ್ತಾರೆ. ನಿಂತುಹೋಗಿದ್ದ ಗಾಳಿ, ರಕ್ತಗಳು ಅಲ್ಲಿ ಮರಳಿ ನುಗ್ಗುತ್ತವೆ. ಗಾಯ, ಒತ್ತಡ, ಮರಳಿ ನುಗ್ಗಿದ ರಕ್ತ ಇವೆಲ್ಲಕ್ಕೂ ದೇಹವು ತೋರುವ ಪ್ರತಿಕ್ರಿಯೆಗೆ ಉರಿಯೂತವೆಂದು ಹೆಸರು. ಮಿತಿಯಲ್ಲಿದ್ದಾಗ ಉರಿಯೂತವೇ ಗಾಯ ಮಾಯಿಸುವ ಮೊದಲ ಮೆಟ್ಟಿಲು. ಮಿತಿ ಮೀರಿದರೆ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಸೋರಿ, ಗಾಳಿಗೂಡುಗಳಲ್ಲಿ ನೀರು ತುಂಬಿ, ಉಸಿರಾಟವೇ ಕುಸಿಯಬಹುದು. ಇದು ಅಪರೂಪವಾದರೂ ಪ್ರಾಣಾಂತಿಕ. ಹೆಚ್ಚಿನವರನ್ನು ಕಾಡುವುದು ಇದಕ್ಕಿಂತ ಸಣ್ಣ ತೊಂದರೆಗಳು: ಎದೆನೋವು, ವಾಕರಿಕೆ, ಆಯಾಸ. ಆದರೆ ಇವುಗಳನ್ನು ಸಣ್ಣವೆಂದು ಕಡೆಗಣಿಸುವಂತಿಲ್ಲ. ನೋವಿರುವವನು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ; ಕೆಮ್ಮದಿದ್ದರೆ ಕಫ ನಿಲ್ಲುತ್ತದೆ; ಕಫ ನಿಂತರೆ ನ್ಯುಮೋನಿಯಾ ಬರುತ್ತದೆ. ಚೇತರಿಕೆಯ ಸರಪಳಿಯಲ್ಲಿ ಮೊದಲ ಕೊಂಡಿಯೇ ಮೊದಲ ದಿನದ ನೋವು.

ದೇಹದ ಸ್ವಂತ ಬಂಡವಾಳ

ಸ್ಟೀರಾಯ್ಡ್ ಹೊರಗಿನಿಂದ ಬಂದ ಅಪರಿಚಿತ ವಸ್ತುವಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಪ್ರತಿದಿನವೂ ತಯಾರಿಸುತ್ತವೆ. ಜ್ವರ, ಗಾಯ, ಶಸ್ತ್ರಕ್ರಿಯೆಗಳ ಕಾಲದಲ್ಲಿ ಅದರ ಉತ್ಪಾದನೆ ಹಲವು ಪಟ್ಟು ಹೆಚ್ಚುತ್ತದೆ. ಈ ಗ್ರಂಥಿಯ ರಸವನ್ನು ಬೇರ್ಪಡಿಸಿ ಅಧ್ಯಯನ ಮಾಡಿದವರು ಎಡ್ವರ್ಡ್ ಕೆಂಡಲ್ ಮತ್ತು ಟಾಡೆಯುಸ್ ರೈಖ್‌ಸ್ಟೈನ್. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಅವರು ಕಾರ್ಟಿಸೋನನ್ನು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ತರುಣಿಗೆ ಕೊಟ್ಟಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. 1950ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ದೀರ್ಘಕಾಲ ಕೊಟ್ಟಾಗ ಮುಖ ಊದುವುದು, ಮೂಳೆ ಸವೆಯುವುದು, ಸಕ್ಕರೆ ಏರುವುದು ಬಹುಬೇಗ ಗಮನಕ್ಕೆ ಬಂದವು. ಅಮೃತವೂ ಅತಿಯಾದರೆ ವಿಷವೆಂಬ ಮಾತಿಗೆ ಇದಕ್ಕಿಂತ ಉತ್ತಮ ನಿದರ್ಶನ ಸಿಗದು.

ಇಂದು ಶಸ್ತ್ರಕ್ರಿಯೆಯ ವೇಳೆ ಹೆಚ್ಚಾಗಿ ಬಳಸುವುದು ಡೆಕ್ಸಾಮೆಥಾಸೋನ್ ಅಥವಾ ಮಿಥೈಲ್‌ಪ್ರೆಡ್ನಿಸೋಲೋನ್. ವಿದೇಶಿ ವಿನಿಮಯದ ದರಪಟ್ಟಿಯಂತೆ ಇವುಗಳಿಗೂ ಒಂದು ದರವುಂಟು: 0.75 ಮಿಲಿಗ್ರಾಂ ಡೆಕ್ಸಾಮೆಥಾಸೋನ್, 4 ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೋಲೋನ್, 5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಹಾಗೂ 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಸರಿಸುಮಾರು ಒಂದೇ ಬೆಲೆಯವು. ಆದುದರಿಂದ ‘ಅವರಿಗೆ ಕೇವಲ ಎಂಟು ಕೊಟ್ಟರು, ನಮಗೆ ನೂರು ಕೊಟ್ಟರು’ ಎಂದು ಔಷಧದ ಹೆಸರು ನೋಡದೆ ಹೋಲಿಸುವುದು ರೂಪಾಯಿಯನ್ನೂ ಡಾಲರನ್ನೂ ಒಂದೇ ಕಾಲಂನಲ್ಲಿ ಕೂಡಿಸಿದಂತೆ.

ಈ ಔಷಧವು ಜೀವಕೋಶದೊಳಕ್ಕೆ ಹೋಗಿ, ಉರಿಯೂತವನ್ನು ಹರಡುವ ರಾಸಾಯನಿಕ ಸಂದೇಶಗಳ ತಯಾರಿಕೆಯನ್ನೇ ತಗ್ಗಿಸುತ್ತದೆ. ಈ ಕೆಲಸಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ. ಆದುದರಿಂದಲೇ ನೋವು ಬಂದ ಮೇಲೆ ಕೊಡುವುದಕ್ಕಿಂತ, ಅರಿವಳಿಕೆ ಕೊಡುವ ಹೊತ್ತಿನಲ್ಲಿಯೇ ಒಂದು ಚುಚ್ಚುಮದ್ದಾಗಿ ಕೊಡುವುದು ರೂಢಿ. ಡೆಕ್ಸಾಮೆಥಾಸೋನಿನ ಪರಿಣಾಮವು ಒಂದೂವರೆ ಎರಡು ದಿನಗಳವರೆಗೆ ಇರುತ್ತದೆ, ಬಳಿಕ ಇಳಿದುಹೋಗುತ್ತದೆ.

ಪರೀಕ್ಷೆಗಳು ಹೇಳುವುದೇನು?

2003ರಲ್ಲಿ ಅಮೆರಿಕದ ಶಸ್ತ್ರವೈದ್ಯರು ಒಂದಿಡೀ ಶ್ವಾಸಕೋಶವನ್ನು ತೆಗೆಯಬೇಕಾದ 72 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಶ್ವಾಸಕೋಶದ ಧಮನಿಯನ್ನು ಕಟ್ಟುವ ಮುನ್ನ 250 ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೋಲೋನ್ ಪಡೆದವರಲ್ಲಿ, ಉಳಿದ ಶ್ವಾಸಕೋಶದಲ್ಲಿ ನೀರು ತುಂಬುವ ಗಂಡಾಂತರ ಕಾಣಿಸಲಿಲ್ಲವೆಂದು ಅವರು ಬರೆದರು. ಗುಂಪು ಚಿಕ್ಕದು, ಅದರಿಂದಲೇ ನಿಯಮ ಮಾಡುವಂತಿಲ್ಲ. 2018ರಲ್ಲಿ ಡೆನ್ಮಾರ್ಕಿನ ವೈದ್ಯರು ದೂರದರ್ಶಕ ನಳಿಕೆಯ ಮೂಲಕ ಹಾಲೆ ತೆಗೆಸಿಕೊಂಡವರಲ್ಲಿ ಕೆಲವರಿಗೆ 125 ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೋಲೋನನ್ನೂ, ಉಳಿದವರಿಗೆ ಬರಿಯ ತೋರಿಕೆಯ ಮದ್ದನ್ನೂ, ಯಾರಿಗೆ ಯಾವುದೆಂದು ತಿಳಿಯದಂತೆ ಕೊಟ್ಟು ನೋಡಿದರು. ಶಸ್ತ್ರಕ್ರಿಯೆಯ ದಿನದ ನೋವು ಸ್ಟೀರಾಯ್ಡ್ ಪಡೆದವರಲ್ಲಿ ಕಡಿಮೆಯಿತ್ತು. ವಾಕರಿಕೆ, ಆಯಾಸಗಳೂ ತಗ್ಗಿದವು. ಆದರೆ ನೋವಿನ ವಿಷಯದಲ್ಲಿ ಆ ಲಾಭ ಮುಂದಿನ ದಿನಗಳಲ್ಲಿ ಉಳಿಯಲಿಲ್ಲ. ರಕ್ತದ ಸಕ್ಕರೆಯೂ ಏರಿತ್ತು.

ಒಂದು ಸಲದ ಸ್ಟೀರಾಯ್ಡಿನಿಂದ ಗಾಯಕ್ಕೆ ಕೀವು ಹಿಡಿಯುವುದೇ ಎಂಬುದು ಹಳೆಯ ಭಯ. 2021ರಲ್ಲಿ ಆಸ್ಟ್ರೇಲಿಯದ ನೇತೃತ್ವದಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲ ಹೊರಬಿತ್ತು. ಹೃದಯದ ಶಸ್ತ್ರಕ್ರಿಯೆಗಳನ್ನು ಬಿಟ್ಟು ಇತರ ಶಸ್ತ್ರಕ್ರಿಯೆಗೆ ಒಳಗಾದ ಎಂಟು ಸಾವಿರದ ಏಳುನೂರಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು, ಮಧುಮೇಹಿಗಳೂ ಇದ್ದರು. 8 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಪಡೆದವರಲ್ಲಿ ಶೇಕಡಾ 8.1ರಷ್ಟು ಜನರಿಗೆ, ಪಡೆಯದವರಲ್ಲಿ ಶೇಕಡಾ 9.1ರಷ್ಟು ಜನರಿಗೆ ಗಾಯದ ಸೋಂಕು ತಗುಲಿತ್ತು. ಅಂದರೆ ಆ ಭಯಕ್ಕೆ ಆಧಾರ ಸಿಗಲಿಲ್ಲ. ವಾಕರಿಕೆಯೂ ಕಡಿಮೆಯಾಯಿತು. 2019ರಲ್ಲಿ ಯುರೋಪಿನ ಎದೆಯ ಶಸ್ತ್ರವೈದ್ಯರ ಸಂಘವು ಸೇರಿ ಪ್ರಕಟಿಸಿದ ಶೀಘ್ರ ಚೇತರಿಕೆಯ ಮಾರ್ಗಸೂಚಿಯಲ್ಲಿಯೂ ವಾಕರಿಕೆ, ನೋವುಗಳನ್ನು ತಗ್ಗಿಸಲು ಡೆಕ್ಸಾಮೆಥಾಸೋನಿಗೆ ಒಂದು ಸ್ಥಾನವುಂಟು. ಆದರೆ ಅದು ಇಡೀ ಯೋಜನೆಯ ಒಂದು ಅಂಶ ಮಾತ್ರ. ಸ್ಟೀರಾಯ್ಡ್ ಅರ್ಬುದವನ್ನು ಗುಣಪಡಿಸುವುದಿಲ್ಲ. ಶಸ್ತ್ರಕ್ರಿಯೆಯ ಮೊದಲ ದಿನಗಳನ್ನು ಹಗುರಗೊಳಿಸುತ್ತದೆ, ಅಷ್ಟೇ.

ಭಯದ ಮೂಲ

ನಮ್ಮವರ ಭಯಕ್ಕೆ ಇತ್ತೀಚಿನ ಒಂದು ಕಾರಣವೂ ಇದೆ. ಕೋವಿಡ್ ಮಹಾಮಾರಿಯ ಕಾಲದಲ್ಲಿ, 2020ರ ಜೂನ್ ತಿಂಗಳಲ್ಲಿ, ಆಕ್ಸ್‌ಫರ್ಡಿನ ಸಂಶೋಧಕರು ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಉಸಿರಾಟದ ಯಂತ್ರದ ಮೇಲಿದ್ದ ರೋಗಿಗಳ ಸಾವನ್ನು ಮೂರನೆಯ ಒಂದು ಭಾಗದಷ್ಟು ತಗ್ಗಿಸಿತೆಂದು ಸಾರಿದರು. ಆಮ್ಲಜನಕದ ಅವಶ್ಯಕತೆಯೇ ಇಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲವೆಂಬುದನ್ನೂ ಅವರೇ ಹೇಳಿದ್ದರು. ಆದರೆ 2021ರಲ್ಲಿ ಎರಡನೆಯ ಅಲೆ ಬಂದಾಗ ಅನೇಕರು ಮನೆಯಲ್ಲಿಯೇ, ಮೊದಲ ದಿನದಿಂದಲೇ, ಅಳತೆಯಿಲ್ಲದೆ ಸ್ಟೀರಾಯ್ಡ್ ತೆಗೆದುಕೊಂಡರು. ಹತೋಟಿಯಿಲ್ಲದ ಮಧುಮೇಹವೂ ಇದೂ ಕೂಡಿದಾಗ ಮ್ಯೂಕರ್ ಎಂಬ ಶಿಲೀಂಧ್ರದ ಸೋಂಕು ಮಹಾರಾಷ್ಟ್ರ, ಕರ್ನಾಟಕಗಳೆರಡರಲ್ಲೂ ಅನೇಕರ ಕಣ್ಣನ್ನೂ ಪ್ರಾಣವನ್ನೂ ಕಸಿದುಕೊಂಡಿತು.

ಕಲ್ಯಾಣದಲ್ಲಿರುವ ನನ್ನ ಭಾವನವರಿಗೆ ಬಲಗಡೆಯ ಮೇಲಿನ ಹಾಲೆಯ ಶಸ್ತ್ರಕ್ರಿಯೆ ನಿಗದಿಯಾದಾಗ ಈ ನೆನಪೇ ಎದುರು ನಿಂತಿತು. ಅವರು ಹದಿನೈದು ವರ್ಷಗಳ ಮಧುಮೇಹಿ. ಅರಿವಳಿಕೆಯ ವೈದ್ಯೆಯು ಸ್ಟೀರಾಯ್ಡ್ ಎಂಬ ಹೆಸರೆತ್ತಿದ್ದೇ ತಡ, ನಮ್ಮ ಅಕ್ಕ ‘ಅದೊಂದು ಬೇಡ ಡಾಕ್ಟರೇ, ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು ಅದರಿಂದ ಕಣ್ಣು ಕಳೆದುಕೊಂಡರು’ ಎಂದು ಕೈಮುಗಿದಳು. ವೈದ್ಯೆ ಸಿಟ್ಟಾಗಲಿಲ್ಲ. ಅವರು ಮರಾಠಿಯಲ್ಲಿ ತಿಳಿಸಿದ್ದರ ಸಾರಾಂಶವಿಷ್ಟು: ಅಂದು ನಡೆದದ್ದು ಅನೇಕ ದಿನಗಳ, ಸಕ್ಕರೆ ನೋಡದೆ ಕೊಟ್ಟ ಔಷಧದ ಪರಿಣಾಮ, ಇಲ್ಲಿ ಕೊಡುವುದು ಒಂದೇ ಸಲ, ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಸಕ್ಕರೆ ಅಳೆಯುವ ಕಣ್ಗಾವಲಿನಲ್ಲಿ. ಸಕ್ಕರೆ ಬಹಳ ಏರಿದ್ದಿದ್ದರೆ ತಾವೇ ಕೊಡುತ್ತಿರಲಿಲ್ಲವೆಂದೂ ಅವರು ಹೇಳಿದರು. ಅಕ್ಕ ಒಪ್ಪಿದಳು. ಆ ರಾತ್ರಿ ಭಾವನವರ ಸಕ್ಕರೆ ನಿಜಕ್ಕೂ ಏರಿತು. ಎರಡು ದಿನ ಇನ್ಸುಲಿನ್ ಕೊಡಬೇಕಾಯಿತು. ಆದರೆ ಮರುದಿನ ಬೆಳಿಗ್ಗೆ ಅವರು ಎದೆಗೆ ಹಾಕಿದ ನಳಿಕೆಯ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆದರು. ಇದು ಸ್ಟೀರಾಯ್ಡಿನ ಮಹಿಮೆಯೆಂದು ಹೇಳಲಾರೆ. ನೋವಿನ ಇತರ ಔಷಧ, ದಾದಿಯರ ಶ್ರಮ, ಅವರ ಛಲ ಎಲ್ಲವೂ ಸೇರಿತ್ತು. ಆದರೆ ಅಕ್ಕನ ಪ್ರಶ್ನೆಯೂ ವೈದ್ಯೆಯ ಉತ್ತರವೂ ಎರಡೂ ಸರಿಯಾಗಿದ್ದವು ಎಂಬುದರಲ್ಲಿ ಸಂದೇಹವಿಲ್ಲ.

ಅಲ್ಪಾವಧಿಯ ಸಾಲವೂ ತೀರದ ಋಣವೂ

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಶಸ್ತ್ರಕ್ರಿಯೆಯ ದಿನದ ಒಂದು ಚುಚ್ಚುಮದ್ದು ಅಲ್ಪಾವಧಿಯ ಸಾಲ. ಉದ್ದೇಶ ಗೊತ್ತಿದೆ, ಮೊತ್ತ ಗೊತ್ತಿದೆ, ಎರಡು ದಿನಗಳಲ್ಲಿ ಖಾತೆ ಮುಚ್ಚುತ್ತದೆ. ಬಡ್ಡಿಯೆಂದರೆ ತಾತ್ಕಾಲಿಕವಾಗಿ ಏರುವ ಸಕ್ಕರೆ ಮತ್ತು ಒಂದು ರಾತ್ರಿಯ ನಿದ್ದೆಗೇಡು. ತಿಂಗಳುಗಟ್ಟಲೆ ನುಂಗುವ ಗುಳಿಗೆಗಳಾದರೋ ಬಡ್ಡಿಗೆ ಬಡ್ಡಿ ಬೆಳೆಯುವ ಋಣ. ದೀರ್ಘಕಾಲ ಸ್ಟೀರಾಯ್ಡ್ ನುಂಗಿದವರಲ್ಲಿ ಹಾಲೆ ತೆಗೆದಾಗ ಹೊಲಿದ ಶ್ವಾಸನಾಳದ ತುದಿ ಬೇಗ ಕೂಡಿಕೊಳ್ಳುವುದಿಲ್ಲ. ಅಲ್ಲಿಂದ ಗಾಳಿ ಸೋರುವ ಅಪಾಯವುಂಟು. ಜ್ವರವೂ ಮರೆಯಾಗಿ ಸೋಂಕು ತಡವಾಗಿ ತಿಳಿಯಬಹುದು.

ಇನ್ನೊಂದು ಮುಖ್ಯ ಅಂಶವಿದೆ. ಹೊರಗಿನಿಂದ ದಿನವೂ ಸ್ಟೀರಾಯ್ಡ್ ಬರುತ್ತಿದ್ದರೆ ಅಡ್ರಿನಲ್ ಗ್ರಂಥಿಗಳು ತಮ್ಮ ಕಾರಖಾನೆಯನ್ನು ಮುಚ್ಚಿ ಮಲಗುತ್ತವೆ. ಅಂಥವರು ಶಸ್ತ್ರಕ್ರಿಯೆಗೆ ಮುನ್ನ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ, ದೇಹಕ್ಕೆ ಅತ್ಯಂತ ಬೇಕಾದ ಹೊತ್ತಿನಲ್ಲಿ ಕಾರ್ಟಿಸಾಲ್ ಇಲ್ಲದೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಒದಗಬಹುದು. ಅವರಿಗೆ ಸ್ಟೀರಾಯ್ಡ್ ಕೊಡದಿರುವುದೇ ತಪ್ಪಾಗುತ್ತದೆ. ಆದರೆ ವೈದ್ಯರಿಗೆ ಈ ವಿಷಯ ಗೊತ್ತಾಗಬೇಕಷ್ಟೆ. ದಮ್ಮಿಗೆಂದೋ ಮೊಣಕಾಲು ನೋವಿಗೆಂದೋ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಬಿಳಿಯ ಗುಳಿಗೆ, ಹೆಸರಿಲ್ಲದ ಪೊಟ್ಟಣದ ಪುಡಿ ಇವುಗಳಲ್ಲಿ ಸ್ಟೀರಾಯ್ಡ್ ಇರುವ ಸಂಭವವುಂಟು. ಸಂಕೋಚದಿಂದ ಮುಚ್ಚಿಡುವುದು ಹಳೆಯ ಸಾಲವನ್ನು ಬಚ್ಚಿಟ್ಟು ಹೊಸ ಸಾಲಕ್ಕೆ ಅರ್ಜಿ ಹಾಕಿದಂತೆ. ಅಲ್ಲಿ ಹೋಗುವುದು ಹಣ, ಇಲ್ಲಿ ಪ್ರಾಣ.

ರೋಗಿಯ ಮನೆಯವರು ಮಾಡಬೇಕಾದುದು

ಮೊದಲನೆಯದಾಗಿ, ಕಳೆದ ಒಂದು ವರ್ಷದಲ್ಲಿ ನುಂಗಿದ ಎಲ್ಲ ಔಷಧಗಳ ಪಟ್ಟಿ ಮಾಡಿ, ಸಿಕ್ಕಿದಷ್ಟು ಖಾಲಿ ಪಟ್ಟಿಗಳನ್ನೂ ಇನ್‌ಹೇಲರುಗಳನ್ನೂ ಒಂದು ಚೀಲದಲ್ಲಿ ಹಾಕಿ ಅರಿವಳಿಕೆಯ ವೈದ್ಯರಿಗೆ ತೋರಿಸಬೇಕು. ಮಧುಮೇಹ, ಹೊಟ್ಟೆಯ ಹುಣ್ಣು, ಹಿಂದೆ ಬಂದ ಕ್ಷಯ, ಕಣ್ಣಿನ ಗ್ಲಾಕೋಮಾ ಇವುಗಳನ್ನು ತಪ್ಪದೆ ತಿಳಿಸಬೇಕು.

ಎರಡನೆಯದಾಗಿ, ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಬೇಕು: ಸ್ಟೀರಾಯ್ಡ್ ಕೊಡುವಿರೋ? ಒಂದೇ ಸಲವೋ, ಮುಂದುವರಿಯುವುದೋ? ಸಕ್ಕರೆ ಏರಿದರೆ ಏನು ಮಾಡುವಿರಿ? ಕೇಳುವುದು ಅವಿಶ್ವಾಸವಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವವನು ಓದಿ ಸಹಿ ಹಾಕಬೇಕೆಂಬುದು ಬ್ಯಾಂಕಿನಲ್ಲಿಯೂ ನಿಯಮ, ಆಸ್ಪತ್ರೆಯಲ್ಲಿಯೂ ನಿಯಮ.

ಮೂರನೆಯದಾಗಿ, ಯಾವ ಚುಚ್ಚುಮದ್ದೂ ಕೊಡಲಾರದ ಲಾಭವನ್ನು ರೋಗಿಯೇ ಸಂಪಾದಿಸಿಕೊಳ್ಳಬೇಕು. ಶಸ್ತ್ರಕ್ರಿಯೆಗೆ ಕನಿಷ್ಠ ನಾಲ್ಕು ವಾರಗಳ ಮುಂಚೆ ಬೀಡಿ ಸಿಗರೇಟು ಬಿಡಬೇಕು. ಮೂರು ಚೆಂಡುಗಳಿರುವ ಉಸಿರಾಟದ ಆಟಿಕೆಯಂಥ ಸಾಧನವನ್ನು ಮನೆಯಲ್ಲಿಯೇ ಅಭ್ಯಾಸ ಮಾಡಬೇಕು. ಎಷ್ಟು ಮೆಟ್ಟಿಲು ಹತ್ತುವಿರೆಂದು ಶಸ್ತ್ರವೈದ್ಯರು ಕೇಳುವುದು ಕುತೂಹಲದಿಂದಲ್ಲ. ಅದು ಉಳಿಯುವ ಶ್ವಾಸಕೋಶದ ಶಕ್ತಿಯ ಅಳತೆ. ವೈದ್ಯರು ಒಪ್ಪಿದರೆ ಡೊಂಬಿವಲಿ, ಠಾಣೆ ಸ್ಟೇಷನ್ನುಗಳ ಮೇಲ್ಸೇತುವೆಯ ಮೆಟ್ಟಿಲುಗಳನ್ನೇ ವ್ಯಾಯಾಮಶಾಲೆಯೆಂದು ಬಗೆಯಬಹುದು. ಶಸ್ತ್ರಕ್ರಿಯೆಯಾದ ಮರುದಿನದಿಂದಲೇ, ದಾದಿಯರ ನೆರವಿನಿಂದ, ಹಾಸಿಗೆ ಬಿಟ್ಟು ನಡೆಯಬೇಕು. ‘ಪಾಪ, ಮಲಗಿಕೊಳ್ಳಲಿ’ ಎಂಬ ನಮ್ಮ ಕರುಣೆ ಇಲ್ಲಿ ಉಪಕಾರವಲ್ಲ.

ನಾಲ್ಕನೆಯದಾಗಿ, ಮನೆಗೆ ಬಂದ ಮೇಲೆ ಜ್ವರ, ಹೆಚ್ಚುವ ಏದುಸಿರು, ಗಾಯದಿಂದ ನೀರು, ಹಠಾತ್ತನೆ ಏರಿದ ಸಕ್ಕರೆ ಕಂಡರೆ ಮುಂದಿನ ತಾರೀಖಿನವರೆಗೆ ಕಾಯಬಾರದು. ಬಿಡುಗಡೆಯ ಚೀಟಿಯಲ್ಲಿ ಇಲ್ಲದ ಸ್ಟೀರಾಯ್ಡ್ ಗುಳಿಗೆಯನ್ನು ‘ಅಲ್ಲಿ ಕೊಟ್ಟಾಗ ಚೆನ್ನಾಗಿತ್ತು’ ಎಂದು ಅಂಗಡಿಯಿಂದ ತರಬಾರದು. ಚೀಟಿಯಲ್ಲಿ ಇದ್ದರೆ ಹೇಳಿದ ದಿನಕ್ಕೆ ಮುನ್ನ ತಾವಾಗಿ ನಿಲ್ಲಿಸಲೂ ಬಾರದು.

ಕಡೆಯದಾಗಿ ಸಂಘದ ಪಾಲಿನ ಮಾತು. ಕಲ್ಯಾಣದಿಂದ ಪರೇಲಿಗೆ ಬೆಳಗಿನ ಗಾಡಿಯ ನೂಕುನುಗ್ಗಲಿನಲ್ಲಿ ರೋಗಿಯೊಡನೆ ಹೋಗುವುದು, ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುವುದು, ಕಡತ ಹಿಡಿದು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಲೆಯುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಮಕ್ಕಳು ದೂರದೇಶಗಳಲ್ಲಿರುವ ವೃದ್ಧ ದಂಪತಿಗಳು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ವಾರಕ್ಕೊಂದು ದಿನ ಜೊತೆಗೆ ಹೋಗಬಲ್ಲ, ಮರಾಠಿ, ಹಿಂದಿಗಳಲ್ಲಿ ವಿಚಾರಿಸಿ ಕನ್ನಡದಲ್ಲಿ ತಿಳಿಹೇಳಬಲ್ಲ, ಅಗತ್ಯ ಬಿದ್ದರೆ ರಕ್ತ ಕೊಡಬಲ್ಲ ಹತ್ತು ಮಂದಿ ನಿವೃತ್ತರ ಹೆಸರುಗಳನ್ನು ಸಂಘದ ಕಚೇರಿಯಲ್ಲಿ ಬರೆದಿಟ್ಟರೆ, ಅದು ಯಾವ ಔಷಧಕ್ಕೂ ಕಡಿಮೆಯಲ್ಲದ ಸೇವೆಯಾದೀತು. ಆ ಪಟ್ಟಿಯಲ್ಲಿ ಈ ಲೇಖಕನ ಹೆಸರನ್ನು ಮೊದಲಿಗೆ ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.